ಬೇಲಿಯ ಹತ್ತಿರ ಮಲಗಿದ ಮೇಜರ್ ಸಾಹೇಬರು

ಮೇಜರ್ ಸಾಹೇಬರ ಗೋರಿಯ ಜಾಗವನ್ನು ಹುಬ್ಬಳ್ಳಿಯ ಮುದುಕಿ ಕಿತ್ತುಕೊಂಡಳು ಅಂತ ಇಲ್ಲಿ ಜನ ಆಡಿಕೊಳ್ಳುತ್ತಾರೆ. ಕಿತ್ತುಕೊಂಡದ್ದು ಖರೆ. ಹೆಂಡತಿಯ ಪಕ್ಕ ಮಲಗಬೇಕಾಗಿದ್ದ ಮನುಷ್ಯ ಈಗ ಖಬರಸ್ತಾನದ ಆ ಕಡೆ, ತಂತಿ ಬೇಲಿಯ ಹತ್ತಿರ, ಯಾರೋ ಏನೋ ಅನ್ನುವವರ ನಡುವೆ ಮಲಗಿದ್ದಾರೆ. ಅದಕ್ಕೆ ಕಾರಣ ನಾನೇ. ಆದರೆ ನನಗೆ ಆ ಜಾಗದ ಆಸೆ ಇತ್ತು ಅನ್ನುವುದು ಸುಳ್ಳು. ಆಸೆ ಪಡಲಿಕ್ಕೆ ಅದೇನು ಬಂಗಾರದ ಗಣಿಯಲ್ಲ, ಆರಡಿ ಮಣ್ಣು.

ನನ್ನನ್ನು ಖಾಲಾ, ಅಂದರೆ ಚಿಕ್ಕಮ್ಮ, ಅಂತ ಕರೆಯುವ ಅವರ ಮಗ ಮೊನ್ನೆ ಬಂದಾಗ, "ಬರೆಯಿರಿ ಖಾಲಾ, ಅಬ್ಬಾನ ಹೆಸರು ಮಾತ್ರ ಹಾಕಬೇಡಿ" ಅಂದ. ಅದಕ್ಕೇ ಬರೆಯುತ್ತಿದ್ದೇನೆ, ಹೆಸರು ಹಾಕದೆ. ನಾನು ಹುಬ್ಬಳ್ಳಿಯ ಕನ್ನಡ ಸಾಲಿಯಲ್ಲಿ ನಾಲ್ಕನೇ ಇಯತ್ತೆ ಓದಿದವಳು. ಮನೆಯಲ್ಲಿ ಆಡುವುದು ನಮ್ಮ ಕಡೆಯ ಉರ್ದು, ಬರೆಯಲಿಕ್ಕೆ ಬರುವುದು ಕನ್ನಡ ಒಂದೇ. ಸಾಹೇಬರೂ ನಾನೂ ಮಾತಾಡಿದ್ದೆಲ್ಲ ಉರ್ದುವಿನಲ್ಲಿ. ಅದನ್ನು ಕನ್ನಡ ಮಾಡಿ ಬರೆದಿದ್ದೇನೆ. ಅವರು ಕೇಳಿದ್ದರೆ ನಗುತ್ತಿದ್ದರು.

ಮಗಳು ನಸೀಮಾ ಅಮೆರಿಕದ ಓಕ್ಲ್ಯಾಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಅವಳಿಗೆ ಎರಡನೇ ಕೂಸು ಆದಾಗ ಬಾಣಂತನಕ್ಕೆ ಅಂತ ಬಂದವಳು ಹೋಗಿ ಬಂದು ಮಾಡುತ್ತ ಇಲ್ಲೇ ಉಳಿದುಬಿಟ್ಟೆ. ಆಗ ಇಲ್ಲಿ ಎಲ್ಲರ ಬಾಯಲ್ಲೂ ಕಂಪನಿ, ಶೇರು, ಇಂಟರ್ನೆಟ್ಟು. ನಾಯಿಯ ಬಿಸ್ಕೀಟು ಮಾರಲಿಕ್ಕೂ ಒಂದು ಕಂಪನಿ ತೆಗೆದಿದ್ದರು. ಮಸೀದಿಯ ಅಂಗಳದಲ್ಲಿ ನಿನ್ನೆ ಮೊನ್ನೆ ಮೀಸೆ ಬಂದ ಹುಡುಗರು ನಾನು ಸಿಇಓ ಅನ್ನುತ್ತಿದ್ದರು. ನಾನು ಅದೂ ಒಂದು ಜಾತಿ ಇರಬೇಕು ಅಂದುಕೊಂಡಿದ್ದೆ.

ಒಂದು ದಿನ ನಸೀಮಾ ಡ್ಯೂಟಿ ಮುಗಿಸಿ ಬಂದು, "ಅಮ್ಮಾ, ಒಂದು ಕೆಲಸ ಐತಿ, ಬ್ಯಾಡ ಅನ್ನಬ್ಯಾಡ" ಅಂದಳು. ಆಸ್ಪತ್ರೆಯಲ್ಲಿ ಒಬ್ಬ ಮುದುಕಿ ತೀರಿಕೊಂಡಿದ್ದಳು. ನಮ್ಮ ಪೈಕಿಯವಳೇ, ಆದರೆ ಹಿಂದೆ ಮುಂದೆ ಯಾರಿಲ್ಲ. ಹೆಂಗಸಿನ ಮೈಯತ್ತಿಗೆ, ಅಂದರೆ ಹೆಣಕ್ಕೆ, ಹೆಂಗಸರೇ ಸ್ನಾನ ಮಾಡಿಸಬೇಕು. ಯಾರೂ ಸಿಗಲಿಲ್ಲ. ಇದನ್ನೆಲ್ಲ ನೋಡಿಕೊಳ್ಳುವ ಒಬ್ಬರು ಪಾಕಿಸ್ತಾನದ ಮುದುಕರು ಆಸ್ಪತ್ರೆಗೆ ಬಂದು ಕೇಳಿದಾಗ ನನ್ನ ಮಗಳು ನನ್ನನ್ನು ಒಪ್ಪಿಸಿ ಬಂದಿದ್ದಳು. ನಮ್ಮ ಓಣಿಯಲ್ಲಿ ನನ್ನ ಅತ್ತೆ ಆ ಕೆಲಸ ಮಾಡುತ್ತಿದ್ದಳು. ನೀರು ಹಾಕಲಿಕ್ಕೆ ನನ್ನನ್ನು ಕರೆದೊಯ್ಯುತ್ತಿದ್ದಳು. ಅದೇನೂ ದೊಡ್ಡ ವಿದ್ಯೆಯಲ್ಲ. ಕೈ ನಡುಗಬಾರದು, ಬಾಯಿ ಆಡಬಾರದು.

ಬಾಗಿಲು ತೆಗೆದರೆ ಗಳದ ಹಾಗೆ ನೆಟ್ಟಗೆ ನಿಂತ ಮುದುಕರು, ಇವರೇ ಮೇಜರ್ ಸಾಹೇಬರು. ಇಸ್ತ್ರಿ ಮಾಡಿದ ಅಂಗಿ, ಬೆಳ್ಳಗೆ ಬಳಿದ ಕ್ಯಾನ್ವಾಸ್ ಬೂಟು, ಕತ್ತರಿಸಿಟ್ಟ ಮೀಸೆ. "ಮನೆಯಲ್ಲಿ ಗಂಡಸರು ಇಲ್ಲವೇ? ಹಾಗಾದರೆ ನಾನು ಕೆಳಗೆ ವ್ಯಾನಿನಲ್ಲಿ ಇರುತ್ತೇನೆ" ಅಂತ ಹೊಸ್ತಿಲು ದಾಟದೆ ತಿರುಗಿದರು. ಇವರದು ಸ್ವಲ್ಪ ಜಾಸ್ತಿಯೇ ಆಯಿತು ಅನಿಸಿತು ನನಗೆ.

ವ್ಯಾನಿನಲ್ಲಿ ಕೂತ ಮೇಲೆ, ಅಕ್ಕಾ ಅನ್ನುವ ಹಾಗೆ ಆಪಾ ಅಂತ ಕರೆದು ಕೇಳಿದರು. "ಆಪಾ, ನೀವು ಹೆದರೋದಿಲ್ಲ ತಾನೆ?"

"ಸತ್ತವರಿಗೆ ಯಾಕ ಹೆದರಬೇಕ್ರಿ? ಬದುಕಿದ್ದವರ ಕೈಯಾಗೇ ಸಾಕಾಗೇತಿ."

ಅವರು ಜೋರಾಗಿ ನಕ್ಕರು. "ನಿಮ್ಮ ಈ ಉರ್ದು ಕೇಳಿದ್ದರೆ ನಮ್ಮ ಲಾಹೋರಿನ ಮಾಸ್ತರರು ಬೆತ್ತ ತೆಗೆಯುತ್ತಿದ್ದರು."

"ನಿಮ್ಮ ಉರ್ದು ಕೇಳಿದ್ರ ನಮ್ಮ ಓಣಿಯವರು ವಾರ್ತೆ ಬಂತು ಅಂತ ರೇಡಿಯೋ ಬಂದ್ ಮಾಡತಿದ್ರು."

ಹಾಗೆ ಶುರುವಾಯಿತು. ಆಮೇಲೆ ಯಾವಾಗ ಕರೆದರೂ ಹೋದೆ. ಹೇವರ್ಡ್, ರಿಚ್ಮಂಡ್, ಒಮ್ಮೆ ಎಮರಿವಿಲ್ಲಿನ ಒಂದು ಎತ್ತರದ ಅಪಾರ್ಟ್‌ಮೆಂಟು. ಬರುತ್ತೇನೆ ಅಂದ ಹೊತ್ತಿಗೆ ಬರುವರು, ಒಂದು ನಿಮಿಷ ಆಚೆ ಈಚೆ ಇಲ್ಲ. ಒಳಗೆ ಏನಾಯಿತು, ಹೇಗಿದ್ದಳು, ಏನೂ ಕೇಳುವವರಲ್ಲ. ಕೆಲಸ ಮುಗಿಸಿ ನಾನು ಹೊರಗೆ ಬಂದರೆ ಥರ್ಮಾಸಿನಿಂದ ಬಿಸಿ ಚಹಾ ಬಗ್ಗಿಸಿ ಕೈಗೆ ಕೊಡುವರು. ಏಲಕ್ಕಿ ಹಾಕಿದ ಗಟ್ಟಿ ಚಹಾ, ತಾವೇ ಮಾಡಿದ್ದು. ತಾವು ಮಾತ್ರ ಒಂದು ಗುಟುಕೂ ಕುಡಿಯುವವರಲ್ಲ. ಪಂಜಾಬಿನವರು ಚಹಾ ಬೇಡ ಅಂದದ್ದನ್ನು ನಾನು ನೋಡಿದ್ದು ಅವರೊಬ್ಬರಲ್ಲೇ. ಹೊಟ್ಟೆಗೆ ಆಗುವುದಿಲ್ಲವೇನೋ ಅಂದುಕೊಂಡೆ.

ಅವರು ತಮ್ಮ ದೇಶದ ತಂಡದಲ್ಲಿ ಕ್ರಿಕೆಟ್ ಆಡಿದವರು ಅಂತ ನನಗೆ ಹೇಳಿದವನು ನನ್ನ ಅಳಿಯ. ಅವರ ಹೆಸರು ಕೇಳಿ ಕುರ್ಚಿಯಿಂದ ಎದ್ದು ನಿಂತುಬಿಟ್ಟ. ನಾನು ಅವರನ್ನೇ ಕೇಳಿದೆ. "ಆಡಿದ್ದು ಕಡಿಮೆ ಆಪಾ. ಹನ್ನೆರಡನೆಯವನಾಗಿ ನೀರು ಹೊತ್ತದ್ದು ಜಾಸ್ತಿ" ಅಂದರು. ಅವರ ಬೇಗಂ ಆಗಿನ್ನೂ ಇದ್ದರು. ಡ್ಯಾನ್‌ವಿಲ್ಲಿನ ಮಗನ ಮನೆಗೆ ಹೋದಾಗ ಅವರು ಬಿಚ್ಚಿ ಹೇಳಿದರು: "ಮದುವೆಯಾದ ಹೊಸದರಲ್ಲಿ ಮ್ಯಾಚ್ ನೋಡು ಬಾ ಅಂತ ಕರೆದುಕೊಂಡು ಹೋದರು. ನಾನು ರೇಷ್ಮೆ ಉಟ್ಟು ಹೋದೆ, ತಂಗಿಯರನ್ನೆಲ್ಲ ಕರೆದುಕೊಂಡು ಹೋದೆ. ಬಿಸಿಲಲ್ಲಿ ಕಾದು ಕಾದು ಕೊನೆಗೆ ಇವರು ಬಂದರು. ಬ್ಯಾಟು ಎಲ್ಲಿ? ಕೈಯಲ್ಲಿ ನೀರಿನ ತಟ್ಟೆ!" ಸಾಹೇಬರು ಅಲ್ಲೇ ಕೂತು ಸೇಬಿನ ಹಣ್ಣನ್ನು ಪ್ಯಾಂಟಿಗೆ ಉಜ್ಜುತ್ತಿದ್ದರು. ಹಣ್ಣು ಕೈಗೆ ಸಿಕ್ಕರೆ ಉಜ್ಜುವುದು, ಏನಾದರೂ ಬಿದ್ದರೆ ಹಿಡಿಯುವುದು, ಇವೆರಡು ಆ ಮನುಷ್ಯನ ಕೈಗೆ ಅಂಟಿದ ರೋಗ. ಹಲಾಲ್ ಅಂಗಡಿಯಲ್ಲಿ ಒಮ್ಮೆ ನನ್ನ ಮೊಣಕೈ ತಾಗಿ ಉಪ್ಪಿನಕಾಯಿ ಬಾಟಲಿ ಉರುಳಿತು. ನಾನು "ಹಾ" ಅನ್ನುವಷ್ಟರಲ್ಲಿ ಮಂಡಿ ನೋವಿನ ಮುದುಕ ಬಗ್ಗಿ ಹಿಡಿದಾಗಿತ್ತು. ಬಾಟಲಿ ನನ್ನ ಕೈಗಿಟ್ಟು, ತಾವು ನೆಟ್ಟಗಾಗಲಿಕ್ಕೆ ಕಪಾಟು ಹಿಡಿದುಕೊಂಡು ಒದ್ದಾಡಿದರು.

ಭಾನುವಾರ ಒಂದು ಪಾರ್ಕಿನಲ್ಲಿ ಚಾಪೆ ಹಾಸಿ ಕಂಪನಿಗಳ ಹುಡುಗರಿಗೆ ಆಟ ಆಡಿಸುತ್ತಿದ್ದರು. ಇಂಡಿಯಾದವರು, ಪಾಕಿಸ್ತಾನದವರು, ಎಲ್ಲ ಬರುತ್ತಿದ್ದರು. ಕಾರ್ಗಿಲ್ಲಿನ ಜಗಳ ನಡೆದ ಬೇಸಿಗೆಯಲ್ಲಿ ಹುಡುಗರು ಎರಡು ಗುಂಪಾಗಿ ಮೈದಾನದ ಆ ಕಡೆ ಈ ಕಡೆ ನಿಂತು ಗುರುಗುಟ್ಟುತ್ತಿದ್ದರಂತೆ. ಇವರು ಮಧ್ಯೆ ಹೋಗಿ, "ಮದುವೆಯಾದವರೆಲ್ಲ ಇಲ್ಲಿ, ಆಗದವರೆಲ್ಲ ಅಲ್ಲಿ. ಇವತ್ತಿನ ಯುದ್ಧ ಇದೇ" ಅಂದರಂತೆ. ಹಾಗೇ ಎರಡು ಟೀಮು ಮಾಡಿ ಆಡಿಸಿದರು. ಮದುವೆಯಾದವರು ಸೋತರು. ನಮ್ಮ ಅಳಿಯ ಮೂರು ದಿನ ಮುಖ ಊದಿಸಿಕೊಂಡಿದ್ದ.

ಸತ್ತವರ ಕೆಲಸ ಅವರಿಗೆ ಹೇಗೆ ಅಂಟಿಕೊಂಡಿತು ಅಂತಲೂ ಹೇಳಬೇಕು. ಟ್ಯಾಕ್ಸಿ ಓಡಿಸುವ ಒಬ್ಬ ಮುಲ್ತಾನಿನವನು ಇಲ್ಲಿ ಸತ್ತು, ಹೆಣ ಕೇಳುವವರಿಲ್ಲದೆ ಆಸ್ಪತ್ರೆಯಲ್ಲೇ ಬಿದ್ದಿತ್ತಂತೆ. ಅದೇ ದಿನಗಳಲ್ಲಿ ಮಗನ ಕಂಪನಿ ಏರಿ ಅವನ ಕೈಯಲ್ಲಿ ದುಡ್ಡು ನೀರಿನ ಹಾಗೆ ಓಡಾಡುತ್ತಿತ್ತು. ಅಬ್ಬಾ ನಿಮಗೆ ಏನು ಬೇಕು ಕೇಳಿ ಅಂದ. ಇವರು ಜಮೀನು ಬೇಕು ಅಂದರು. "ಅವನು ನನಗೆ ಸಮುದ್ರ ಕಾಣುವ ಜಮೀನು ತೋರಿಸಿಕೊಂಡು ಬಂದ ಆಪಾ. ನಾನು ಹೇಳಿದೆ, ನನಗೆ ಬೇಕಾದ ಜಮೀನಿನಲ್ಲಿ ಮಲಗುವವರಿಗೆ ಸಮುದ್ರ ಕಾಣೋದಿಲ್ಲ." ಖಬರಸ್ತಾನದಲ್ಲಿ ಒಂದು ಇಡೀ ಸಾಲು ಕೊಂಡರು. ಈ ತುದಿಯ ಎರಡು ಜಾಗ ತಮಗೂ ಬೇಗಂಗೂ. ಉಳಿದದ್ದು ಇಲ್ಲಿ ಸತ್ತು ಮಣ್ಣಿಗೆ ಗತಿಯಿಲ್ಲದವರಿಗೆ. ಆ ತುದಿಯಿಂದ ಒಬ್ಬೊಬ್ಬರೇ ತುಂಬುತ್ತ ಬಂದರು. ಮುಂದೆ ಮಗನ ಕಂಪನಿ ಮುಳುಗಿ ಡ್ಯಾನ್‌ವಿಲ್ಲಿನ ಮನೆಯಲ್ಲಿ ಸೋಫಾಗಳು ಕಡಿಮೆಯಾಗುತ್ತ ಬಂದಾಗ, "ನನ್ನ ಜಮೀನು ಮೊದಲೇ ತೆಗೆದುಕೊಂಡದ್ದು ಒಳ್ಳೆಯದಾಯಿತು ನೋಡಿ" ಅಂದರು. ಮಗನಿಗೆ ನಗು ಬರಲಿಲ್ಲ.

ಬೇಗಂ ತೀರಿಕೊಂಡಾಗ ಸ್ನಾನ ಮಾಡಿಸಿದವಳು ನಾನು. ಹೊರಗೆ ಬಂದೆ. ಅವತ್ತೂ ಚಹಾ ಬಗ್ಗಿಸಿ ಕೊಟ್ಟರು. ಯಾವತ್ತೂ ಏನೂ ಕೇಳದ ಮನುಷ್ಯ ಅವತ್ತು ಒಂದು ಮಾತು ಕೇಳಿದರು. "ಕೂದಲು ಬಾಚಿದಿರಾ?"

"ಬಾಚಿ ಮೂರು ಜಡಿ ಹಾಕೀನ್ರಿ."

"ಸಿಕ್ಕು ಬಿಡಿಸುವಾಗ ಎಳೆದರೆ ಅವಳಿಗೆ ಸಿಟ್ಟು ಬರ್ತದೆ" ಅಂದರು. ಆಮೇಲೆ ಥರ್ಮಾಸಿನ ಮುಚ್ಚಳ ಹಾಕಲಿಕ್ಕೆ ಬಹಳ ಹೊತ್ತು ತೆಗೆದುಕೊಂಡರು.

ಮಣ್ಣು ಮಾಡಿ ಕೆಲವು ದಿನ ಆದ ಮೇಲೆ ನನ್ನನ್ನೂ ನಸೀಮಾಳನ್ನೂ ಅಲ್ಲಿಗೆ ಕರೆದೊಯ್ದರು. ಬೇಗಂ ಗೋರಿಯ ಪಕ್ಕದ ಖಾಲಿ ಜಾಗದಲ್ಲಿ ಹೋಗಿ ನಿಂತು, ತಲೆ ಅವಳ ಕಡೆ ವಾಲಿಸಿ, "ಇಲ್ಲಿಂದ ಅವಳ ಬೈಗಳು ಚೆನ್ನಾಗಿ ಕೇಳಿಸ್ತವೆ" ಅಂದರು. ಪ್ರತಿ ಶುಕ್ರವಾರ ಹೋಗಿ ಅಲ್ಲೇ ನಿಲ್ಲುತ್ತಿದ್ದರು. ಅವರಿಗೆ ಆ ಜಾಗ ಅಂದರೆ ಏನಿತ್ತು ಅಂತ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಕಿತ್ತುಕೊಂಡವಳಲ್ಲ ನಾನು.

ಈಗ ಮೊಮೆನಾಳ ವಿಷಯ.

ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಬಿಲ್ಡಿಂಗಿನಲ್ಲಿ ಅಣ್ಣನ ಮಗನ ಜೊತೆ ಇದ್ದಳು. ಬಾಂಗ್ಲಾದೇಶದವಳು, ನನಗಿಂತ ಒಂದೆರಡು ವರ್ಷ ದೊಡ್ಡವಳು, ಹಿಡಿಯಷ್ಟು ಹೆಂಗಸು, ನಾಲಿಗೆ ಮಾತ್ರ ಕುಡುಗೋಲು. ಅಣ್ಣನ ಮಗ ಶಫೀಕ್ ಯಾವುದೋ ಕಂಪನಿಯಲ್ಲಿದ್ದ. ಅದು ಒಂದು ಸೋಮವಾರ ಬಾಗಿಲು ಹಾಕಿತು. ಆಮೇಲೆ ಪಿಜ್ಜಾ ಹಂಚುತ್ತಿದ್ದ. ಮೊಮೆನಾ ನನ್ನ ಜೊತೆ ಉರ್ದುವಿನಲ್ಲೇ ಮಾತಾಡುವಳು. ಆದರೆ, "ಇದು ಹಿಂದಿ, ತಿಳ್ಕೋ. ಸಿನಿಮಾ ನೋಡಿ ಕಲಿತದ್ದು. ಉರ್ದು ನಾನು ಆಡೋದಿಲ್ಲ" ಅನ್ನುವಳು. ಮಧ್ಯಾಹ್ನ ಬಿಸಿಲಿಗೆ ಇಬ್ಬರೂ ಪಾರ್ಕಿಂಗಿನ ಕಟ್ಟೆಯ ಮೇಲೆ ಕೂತು ಕಾಳು ಆರಿಸುತ್ತ ಜಗಳಾಡುವೆವು. ಮೀನಿಗೆ ಸಾಸಿವೆ ಅರೆದು ಹಾಕುವುದು ತಪ್ಪು ಅಂತ ನಾನು, ಹಾಕದೆ ತಿನ್ನುವವರು ಕಾಡಿನವರು ಅಂತ ಅವಳು.

ಒಮ್ಮೆ ಆಸ್ಪತ್ರೆಗೆ ಹೋಗಬೇಕಾಗಿತ್ತು ಅವಳಿಗೆ. ಸಾಹೇಬರ ವ್ಯಾನು ನನ್ನನ್ನು ಕರೆಯಲಿಕ್ಕೆ ಬಂದು ನಿಂತಿತ್ತು, ಬಾ ಅಂದೆ. ಅವಳು ಸ್ಟಿಯರಿಂಗಿನ ಹಿಂದೆ ಕೂತವರನ್ನು ನೋಡಿದಳು. "ಇವನು ಫೌಜಿನವನಾ?" ಅಂತ ಕೇಳಿದಳು. ಹೌದು ಅಂದೆ. ತಿರುಗಿ ನಡೆದುಬಿಟ್ಟಳು. ಬಸ್ಸಿಗೆ ಹೋದಳು.

ಸಂಜೆ ಕಟ್ಟೆಯ ಮೇಲೆ ಹೇಳಿದಳು. ಅವರ ದೇಶ ಪಾಕಿಸ್ತಾನದಿಂದ ಬೇರೆಯಾದ ವರ್ಷ ಅವಳ ಇನ್ನೊಬ್ಬ ಅಣ್ಣನನ್ನು ಆ ಕಡೆಯ ಸೈನಿಕರು ಕರೆದುಕೊಂಡು ಹೋದರು. ಸಾಲಿ ಮಾಸ್ತರ. ಊಟಕ್ಕೆ ಕೂತಿದ್ದವನನ್ನು ಕೈ ತೊಳೆಯಲಿಕ್ಕೂ ಬಿಡಲಿಲ್ಲ. ತಿರುಗಿ ಬರಲಿಲ್ಲ, ಮಣ್ಣೂ ಸಿಗಲಿಲ್ಲ. "ಎಂಜಲು ಕೈಯಲ್ಲಿ ಹೋದ" ಅಂದಳು. ಅಳಲಿಲ್ಲ. ಕಾಳು ಆರಿಸುತ್ತಲೇ ಇದ್ದಳು.

ನಾನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವಳಲ್ಲ. ಮುಂದಿನ ಸಲ ವ್ಯಾನು ಹತ್ತಿದಾಗ ಕೇಳಿಯೇ ಬಿಟ್ಟೆ. "ಮೇಜರ್ ಸಾಬ್, ನೀವು ಬಾಂಗ್ಲಾದಾಗ ಇದ್ರೇನ್ರಿ ಆಗ?"

"ಇದ್ದೆ."

"ಏನ್ ಮಾಡಿದ್ರಿ ಅಲ್ಲೆ?"

ಫ್ರೀವೇ ಮೇಲೆ ಹೋಗುತ್ತಿದ್ದವರು ಮೊದಲು ಸಿಕ್ಕ ದಾರಿಯಲ್ಲಿ ಕೆಳಗಿಳಿದು, ಒಂದು ಪೆಟ್ರೋಲ್ ಪಂಪಿನ ಬದಿಗೆ ವ್ಯಾನು ನಿಲ್ಲಿಸಿದರು. ಕೈ ಸ್ಟಿಯರಿಂಗಿನ ಮೇಲೇ ಇತ್ತು.

"ಒಂದು ಊರಿನ ಸಾಲಿಯ ಅಂಗಳದಲ್ಲಿ ಗಂಡಸರನ್ನು ಕೂಡಿಸಿದ್ದರು. ನನ್ನ ಮೇಲಿನವರು ಹುಕುಂ ಕೊಟ್ಟರು. ನಾನು ಹುಕುಂ ಕೊಡಲಿಲ್ಲ, ಗುಂಡೂ ಹಾರಿಸಲಿಲ್ಲ. ಆ ಕಡೆ ಒಂದು ಕೋಣೆಗೆ ಹೋಗಿ ಚಹಾ ಕುಡಿದೆ. ಚಹಾ ಮುಗಿಯುವವರೆಗೆ ಸದ್ದು ಬರುತ್ತಿತ್ತು."

ಅವರು ಎಂಜಿನ್ ಬಂದ್ ಮಾಡಿದರು.

"ನಾನು ಬೇಡ ಅಂದಿದ್ದರೆ ನಿಲ್ಲುತ್ತಿತ್ತೋ ಇಲ್ಲವೋ. ನಾನು ಅನ್ನಲಿಲ್ಲ."

"ಮೊಮೆನಾನ ಊರಾ ಅದು?" ಅಂತ ಕೇಳಿದೆ. ವ್ಯಾನು ಹತ್ತದೆ ಹೋದವಳ ಅಣ್ಣನ ಸಂಗತಿಯನ್ನೂ ಅವಳ ಊರಿನ ಹೆಸರನ್ನೂ ಹೇಳಿದೆ.

"ಅಲ್ಲ. ಬೇರೆ ಊರು. ಅದರಿಂದ ಏನು ಬದಲಾಗ್ತದೆ ಆಪಾ?"

ಏನೂ ಬದಲಾಗುವುದಿಲ್ಲ ಅಂದೆ. ಸಮಾಧಾನ ಹೇಳಬೇಕಿತ್ತು ಅಂತ ನಸೀಮಾ ಆಮೇಲೆ ನನ್ನನ್ನು ಬೈದಳು. ಏನಂತ ಹೇಳಲಿ? ಹೋದವರು ನನ್ನ ಅಣ್ಣಂದಿರಲ್ಲ, ಮಾಫಿ ಮಾಡಲಿಕ್ಕೆ ನಾನು ಯಾರು? ಆ ದಿನವೂ ಕೆಲಸ ಇತ್ತು, ಹೋಗಿ ಮಾಡಿ ಬಂದೆ. ಅವರು ಚಹಾ ಬಗ್ಗಿಸಿ ಕೊಟ್ಟರು. ಕುಡಿದೆ. ಅವರ ಜೊತೆ ಕೆಲಸಕ್ಕೆ ಹೋಗುವುದನ್ನು ನಾನು ಬಿಡಲಿಲ್ಲ, ಮೊಮೆನಾಳ ಜೊತೆ ಕಟ್ಟೆಯ ಮೇಲೆ ಕೂಡುವುದನ್ನೂ ಬಿಡಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

ಒಮ್ಮೆ ಸಾಹೇಬರು ಬಂಗಾಳಿ ಅಂಗಡಿಯಿಂದ ಆ ಕಡೆಯ ಮೀನು ತಂದು, ಅವಳಿಗೆ ಕೊಡಿ, ನನ್ನ ಹೆಸರು ಹೇಳಬೇಡಿ ಅಂದರು. ಒಯ್ದೆ. ಮೊಮೆನಾ ಪೊಟ್ಟಣ ಬಿಚ್ಚಿದಳು, ಮೂಸಿದಳು, ಕಣ್ಣು ಅರಳಿತು. ಆಮೇಲೆ ನನ್ನ ಮುಖ ನೋಡಿದಳು. "ನಿನಗೆ ಮೀನು ಆರಿಸಲಿಕ್ಕೆ ಬರೋದಿಲ್ಲ. ಯಾರು ತಂದದ್ದು?" ಹೇಳಿದೆ. ಪೊಟ್ಟಣ ಕಟ್ಟಿ ವಾಪಸು ಕೊಟ್ಟಳು. ನಾನು ಅದನ್ನು ಕೆಳಗೆ ತಂದು ಅವರ ಕೈಗಿಟ್ಟೆ. "ಸರಿ" ಅಂದರು. ಮತ್ತೆ ಯಾವತ್ತೂ ಏನನ್ನೂ ಕಳಿಸಲಿಲ್ಲ. ಅದು ಅವರ ದೊಡ್ಡ ಗುಣ ಅಂತ ನನಗೆ ಅನಿಸಿತು. ಒಳ್ಳೆಯವರಾಗುವವರು ಸಾಮಾನ್ಯವಾಗಿ ಬೇಡ ಅಂದರೂ ಬಿಡುವುದಿಲ್ಲ, ಬೆನ್ನು ಹತ್ತುತ್ತಾರೆ.

ಮೊಮೆನಾಳಿಗೆ ಹೊಟ್ಟೆಯ ಕಾಯಿಲೆ ಜೋರಾಯಿತು. ಕೊನೆಗೆ ಹಾಸಿಗೆ ಹಿಡಿದಾಗ ನನ್ನನ್ನು ಹತ್ತಿರ ಕರೆದಳು. ಶಫೀಕ್‌ನ ಕೈ ಬರಿದಾಗಿದೆ, ತಾನು ಮೇಜರ್ ಕೊಂಡ ಗೋರಿಗಳ ಸಾಲಿಗೇ ಹೋಗಬೇಕಾಗುತ್ತದೆ ಅಂತ ಅವಳಿಗೆ ಗೊತ್ತಿತ್ತು. "ಭೂಮಿ ಅಲ್ಲಾಹನದು, ಅವನದಲ್ಲ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅವನ ವ್ಯಾನಿನಲ್ಲಿ ನನ್ನನ್ನು ಒಯ್ಯಬೇಡ. ಅವನು ನನಗೆ ಮಣ್ಣು ಹಾಕಬಾರದು. ನನ್ನ ಹತ್ತಿರ ಅವನು ಬರಬಾರದು. ನೀನು ನೋಡಿಕೊಳ್ಳಬೇಕು" ಅಂದಳು.

ನೋಡಿಕೊಳ್ಳುತ್ತೇನೆ ಅಂದೆ. ಸಾಯುವವರಿಗೆ ಎಲ್ಲರೂ ಹೂಂ ಅನ್ನುತ್ತಾರೆ. ನಾನು ಮಾತ್ರ ಅದರ ಭಾರ ತಿಳಿದೇ ಅಂದೆ.

ಅವಳಿಗೆ ನಾನೇ ಸ್ನಾನ ಮಾಡಿಸಿದೆ, ಕಫನ್ನಿನ ಬಿಳಿ ಬಟ್ಟೆ ಉಡಿಸಿದೆ. ಅಳಿಯ ಬೇರೆ ಗಾಡಿ ತಂದ. ಸಾಹೇಬರಿಗೆ ಅವಳ ಮಾತು ತಿಳಿಸಿ, ನೀವು ಬರಬೇಡಿ ಅಂತ ಮೊದಲೇ ಹೇಳಿದ್ದೆ. ಅವರು ಖಬರಸ್ತಾನದ ಗೇಟಿನ ಹೊರಗೆ, ರಸ್ತೆಯ ಆಚೆ ಬದಿಗೆ ವ್ಯಾನು ನಿಲ್ಲಿಸಿಕೊಂಡು ಕೂತಿದ್ದರು. ಬಂಗಾಳಿ ಹೆಣಕ್ಕೆ ಪಂಜಾಬಿ ಮೇಜರ್ ಇಳಿದು ಬರಲಿಲ್ಲ ನೋಡಿ ಅಂತ ಅವತ್ತೂ ಕೆಲವರು ಅಂದರು. ಅನ್ನಲಿ.

ಇಲ್ಲಿ ಹೆಂಗಸರೂ ದೂರ ನಿಂತು ನೋಡಬಹುದು. ನಿಂತಿದ್ದೆ. ಗಂಡಸರು ಮಣ್ಣು ಕೊಟ್ಟು ಸರಿದ ಮೇಲೆ ಹತ್ತಿರ ಹೋದೆ. ಆಗ ಕಂಡಿತು. ಸಾಲು ತುಂಬಿತ್ತು. ಮೊಮೆನಾಳ ಹಸಿ ಮಣ್ಣು, ಪಕ್ಕದಲ್ಲಿ ಒಂದೇ ಒಂದು ಖಾಲಿ ಜಾಗ, ಅದರ ಪಕ್ಕ ಬೇಗಂ. ಆ ಖಾಲಿ ಜಾಗ ಯಾರದು ಅಂತ ಎಲ್ಲರಿಗೂ ಗೊತ್ತು. ಹತ್ತಿರ ಬರಬಾರದು ಅಂದವಳ ಮಗ್ಗುಲಿಗೆ ಅವರು ಬಂದು ಮಲಗುವವರಿದ್ದರು, ಕಯಾಮತ್ತಿನ ತನಕ, ಸತ್ತವರೆಲ್ಲ ಏಳುವ ದಿನದ ತನಕ.

ಗೇಟಿನ ಹೊರಗೆ ಹೋಗಿ ವ್ಯಾನು ಹತ್ತಿದೆ. "ಮೇಜರ್ ಸಾಬ್, ಆಕಿ ನಿಮ್ಮ ಜಾಗದ ಮಗ್ಗಲಿಗೇ ಬಂದಾಳ."

"ಗೊತ್ತು."

"ಯಾವಾಗ ಗೊತ್ತಾತು?"

"ನಿನ್ನೆ. ಅಗೆಯುವವನು ಫೋನ್ ಮಾಡಿದಾಗ." ಸ್ವಲ್ಪ ತಡೆದು, "ನೀವು ನೋಡುವುದಿಲ್ಲ ಅಂದುಕೊಂಡಿದ್ದೆ ಆಪಾ" ಅಂದರು.

"ನೋಡಿದೆ."

"ಹೌದು." ಅವರು ಎದುರಿನ ಗಾಜಿನಲ್ಲಿ ಗೇಟಿನ ಕಡೆಗೆ ನೋಡುತ್ತಿದ್ದರು. ನನಗೆ ಕೇಳಲಿಕ್ಕೆ ಸಂತೋಷವೇನೂ ಇರಲಿಲ್ಲ. ಬೇಗಂಗೆ ಜಡೆ ಹಾಕಿದ ಕೈ ಇದು. ಆದರೆ ಹೂಂ ಅಂದದ್ದು ಮೊಮೆನಾಳಿಗೆ. ಅವಳಿಗೆ ಈಗ ಬಾಯಿ ಇಲ್ಲ.

"ನೀವು ಅಲ್ಲಿ ಮಲಗಬಾರದ್ರಿ" ಅಂದೆ.

ವ್ಯಾನಿನ ಒಳಗೆ ಬಿಸಿಲು ತುಂಬಿ ಉಸಿರುಗಟ್ಟುತ್ತಿತ್ತು. ಅವರು ಕಿಟಕಿ ಇಳಿಸಿ, ಬೆರಳಿನಿಂದ ದೂರದ ಬೇಲಿಯನ್ನು ತೋರಿಸಿದರು. "ಅಲ್ಲಿ ಹೊಸ ಜಾಗ ಮಾಡುತ್ತಿದ್ದಾರೆ. ಅಲ್ಲಿ ಒಂದು ತೆಗೆದುಕೊಳ್ಳುತ್ತೇನೆ. ಬೌಂಡರಿಯ ಹತ್ತಿರ ನಿಲ್ಲುವುದು ನನಗೆ ಹೊಸದಲ್ಲ." ಆಮೇಲೆ, "ಈ ಜಾಗ ನೀವು ಇಟ್ಟುಕೊಳ್ಳಿ. ಆ ಕಡೆ ನನ್ನ ಬೇಗಂ, ಈ ಕಡೆ ಮೊಮೆನಾ. ಇಬ್ಬರ ಬಾಯಿಗೂ ನೀವೊಬ್ಬರೇ ಸಾಟಿ" ಅಂದರು.

"ನನಗ ಹುಬ್ಬಳ್ಳಿ ಐತಿ ಬಿಡ್ರಿ. ಗಂಡನ ಪಕ್ಕ ಜಾಗ ಹಿಡಿದಿಟ್ಟಾರ."

"ಇರಲಿ ಆಪಾ. ಕೊಟ್ಟದ್ದು ಕೊಟ್ಟಾಯಿತು."

ಅಲ್ಲಿಗೆ ಆ ಮಾತು ಬಿಟ್ಟೆವು. ಅವರು ಶುಕ್ರವಾರ ಬೇಗಂ ಹತ್ತಿರ ಹೋಗುವುದನ್ನು ಬಿಡಲಿಲ್ಲ. ಆದರೆ ಆ ಖಾಲಿ ಜಾಗದಲ್ಲಿ ಮತ್ತೆ ಕಾಲಿಡಲಿಲ್ಲ. ಬೇಗಂನ ತಲೆಯ ಕಡೆ, ದಾರಿಯ ಮೇಲೆ ನಿಂತು ಬರುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ಆಸ್ಪತ್ರೆ ಸೇರಿದವರು ಮನೆಗೆ ಬರಲಿಲ್ಲ. ಬೆಳಿಗ್ಗೆ ಸುದ್ದಿ ಬಂತು, ನಾವು ಡ್ಯಾನ್‌ವಿಲ್ಲಿಗೆ ಹೋದೆವು. ಮನೆ ತುಂಬ ಜನ. ಆ ಮದುವೆಯಾದವರ ಟೀಮು, ಆಗದವರ ಟೀಮು, ಎಲ್ಲ ಬಂದಿದ್ದರು. ಗೋಡೆಗೆ ಒರಗಿ ಅಳುತ್ತಿದ್ದರು. ಮಗ 'ಮಧ್ಯಾಹ್ನದ ನಮಾಜು ಮುಗಿಸಿ ಅಬ್ಬಾನನ್ನು ಅಮ್ಮಿಯ ಪಕ್ಕ ಇಡುತ್ತೇವೆ' ಅಂತ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ. ಹಾಲ್‌ನಲ್ಲಿ ಎಲ್ಲರ ಎದುರಿಗೇ ಅಂದೆ, "ಅಲ್ಲಿ ಅಲ್ಲಪ್ಪಾ. ಆ ಜಾಗ ನನ್ನದು."

ಗಲಾಟೆ ಎದ್ದಿತು. ಹುಚ್ಚು ಹಿಡಿದಿದೆ ಅಂದರು ಒಬ್ಬರು. ಇಂಡಿಯಾದವಳು ಅಂದರು ಇನ್ನೊಬ್ಬರು, ಅದೇ ದೊಡ್ಡ ಕಾರಣ ಅನ್ನುವ ಹಾಗೆ. ನಸೀಮಾ ನನ್ನ ಸೆರಗು ಎಳೆದಳು. ಮಗ ನನ್ನನ್ನು ಅಡಿಗೆಮನೆಗೆ ಕರೆದೊಯ್ದು ಬಾಗಿಲು ಹಾಕಿದ. ಅವನ ಮುಖ ಉರಿಯುತ್ತಿತ್ತು.

"ಖಾಲಾ, ಅಬ್ಬಾ ಬೇಲಿಯ ಹತ್ತಿರ ಜಾಗ ತೆಗೆದುಕೊಂಡದ್ದು ನನಗೆ ಗೊತ್ತು. ಮುದುಕರ ಹುಚ್ಚು ಅಂದುಕೊಂಡೆ. ಖಾಲಿ ಇರುವಾಗ ನಾನು ನಮ್ಮ ಅಪ್ಪನನ್ನು ನಮ್ಮ ತಾಯಿಯ ಪಕ್ಕ ಯಾಕೆ ಇಡಬಾರದು? ನಿಮಗೆ ಊರಿಗೆ ಹೋಗಲಿಕ್ಕೆ ರಿಟರ್ನ್ ಟಿಕೆಟ್ ಇದೆ."

"ಟಿಕೆಟ್ ಇರೋದು ವಿಮಾನಕ್ಕ. ಕೂತ್ಕೋ" ಅಂದೆ. ಕೂತ. ಪೆಟ್ರೋಲ್ ಪಂಪಿನ ಬದಿಗೆ ನಾನು ಕೇಳಿದ್ದನ್ನು ಹೇಳಿದೆ. ಸಾಲಿಯ ಅಂಗಳ, ಕೋಣೆ, ಚಹಾ. ಮೊಮೆನಾ ಕೇಳಿದ್ದು, ಅವನ ಅಪ್ಪ ಒಪ್ಪಿ ಜಾಗ ನನಗೆ ಕೊಟ್ಟದ್ದು. ಅವನು ಸಿಂಕಿನ ಕಡೆ ನೋಡುತ್ತ ಕೇಳಿದ.

"ಅಬ್ಬಾ ನನಗೆ ಒಮ್ಮೆಯೂ ಹೇಳಲಿಲ್ಲ."

"ಮಕ್ಕಳಿಗೆ ಹೇಳೂ ಮಾತೇನಪ್ಪಾ ಅದು?"

"ಆ ಹೆಂಗಸು ಸತ್ತುಹೋಗಿದ್ದಾಳೆ ಖಾಲಾ. ಅವಳಿಗೆ ಏನು ಗೊತ್ತಾಗ್ತದೆ?"

"ನಿಮ್ಮ ಅಮ್ಮಿನೂ ಸತ್ತಾಳ. ಆಕಿಗೆ ಗೊತ್ತಾಗ್ತದ ಅಂತನ ಅಲ್ಲೇನು ನೀ ಅವರನ್ನ ಅಲ್ಲಿ ಇಡಬೇಕಂತೀ?"

ಅವನು ಮುಖ ಮುಚ್ಚಿಕೊಂಡ. ನಾನು ಬೆನ್ನು ಸವರಲಿಲ್ಲ. ಸವರಿದ್ದರೆ ನಾನೇ ಕರಗಿ ಅವನ ಮಾತಿಗೆ ಒಪ್ಪಿಬಿಡುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಮುಖ ತೊಳೆದು ಹೊರಗೆ ಹೋಗಿ, "ಅದು ಖಾಲಾ ಅವರ ಜಾಗ. ಅಬ್ಬಾ ಅವರಿಗೆ ಕೊಟ್ಟಿದ್ದಾರೆ. ಅಬ್ಬಾನನ್ನು ಬೇಲಿಯ ಕಡೆ ಇಡುತ್ತೇವೆ" ಅಂದ. ಯಾಕೆ ಅಂತ ಹೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಿದ್ದರೆ ನನ್ನ ಮೇಲಿನ ಬೈಗಳು ಹೆಣದ ಮೇಲೆ ಬೀಳುತ್ತಿದ್ದವು. ಜನ ನನ್ನನ್ನು ನೋಡಿದ ನೋಟ ಇದೆಯಲ್ಲ, ಹುಬ್ಬಳ್ಳಿಯ ಬಜಾರಿನಲ್ಲಿ ಜೇಬುಗಳ್ಳನನ್ನೂ ಹಾಗೆ ನೋಡುವುದಿಲ್ಲ.

ಅವರನ್ನು ಬೇಲಿಯ ಹತ್ತಿರ ಮಣ್ಣು ಮಾಡಿದರು. ಆ ಕಡೆ ಫ್ರೀವೇ, ಲಾರಿಗಳ ಸದ್ದು. ನಮ್ಮ ಅಳಿಯ ಸಲಿಕೆ ಹಿಡಿದು ಮಣ್ಣು ಎಳೆದ. ಶಫೀಕ್ ಬಂದಿದ್ದ. ಅವನೂ ಮೂರು ಹಿಡಿ ಮಣ್ಣು ಹಾಕಿದ. ಅವನಿಗೆ ಎಷ್ಟು ಗೊತ್ತಿತ್ತೋ ನಾನು ಕೇಳಲಿಲ್ಲ. ಕಾರಿನಲ್ಲಿ ಯಾರೂ ನನ್ನ ಜೊತೆ ಮಾತಾಡಲಿಲ್ಲ, ಮಗಳೂ ಕೂಡ. ಒಬ್ಬ ಹೆಂಗಸಿಗೆ ಕೊಟ್ಟ ಮಾತು ಉಳಿಸಲಿಕ್ಕೆ ಇನ್ನೊಬ್ಬ ಹೆಂಗಸಿನ ಗಂಡನನ್ನು ಅವಳಿಂದ ದೂರ ಮಾಡಿದೆ. ಬೇಗಂ ಅಲ್ಲಿ ಸಿಕ್ಕಾಗ ಬೈಯಲಿ, ಕೇಳಿಸಿಕೊಳ್ಳುತ್ತೇನೆ. ಸಾಹೇಬರಂತೂ ಬೈಯುವುದಿಲ್ಲ. ಒಳ್ಳೆಯ ಮನುಷ್ಯ ಅಂತ ಎಲ್ಲರೂ ಅವರನ್ನು ಹೊಗಳಿದರು, ಹೊಗಳಲಿ. ನಾನು ಅಷ್ಟು ಹೇಳಲಾರೆ. ಕೆಟ್ಟದ್ದು ಆಗುವಾಗ ಚಹಾ ಕುಡಿದವರು, ಆಮೇಲೆ ಅದನ್ನು ಯಾರ ಮೇಲೂ ಹಾಕದೆ ತಾವೇ ಹೊತ್ತವರು. ಅಷ್ಟು ಮಾಡಿದವರನ್ನೂ ನಾನು ಜಾಸ್ತಿ ನೋಡಿಲ್ಲ.

ಮರುದಿನ ಬೆಳಿಗ್ಗೆ ಎದ್ದು ಮೊಮ್ಮಕ್ಕಳಿಗೆ ಹಾಲು ಕಾಸಿ ಇಟ್ಟೆ. ಫೋನ್ ಕಾರ್ಡು ಗೀರಿ ನಂಬರು ಒತ್ತಿ ಹುಬ್ಬಳ್ಳಿಗೆ ಹಚ್ಚಿದೆ. ತಮ್ಮ ಎತ್ತಿದ. ಅಲ್ಲಿ ಸಂಜೆ, ಹಿಂದೆ ಕುಕ್ಕರಿನ ಸೀಟಿ ಕೇಳುತ್ತಿತ್ತು.

"ನಿಮ್ಮ ಭಾವನ ಪಕ್ಕ ನನಗಂತ ಜಾಗ ಹಿಡಿದಿಟ್ಟೀರಲ್ಲ, ಅದನ್ನ ಬಿಟ್ಟುಕೊಡು. ಓಣ್ಯಾಗ ಯಾರಿಗೆ ಬೇಕೋ ಅವರಿಗೆ."

"ಯಾಕಕ್ಕಾ, ಏನಾತು? ಆರಾಮದೀಯಿಲ್ಲೋ?"

"ಆರಾಮದೀನಿ. ಇಲ್ಲೆ ಜಾಗ ಆಗೇತಿ. ನಂದು ಅಂತ ಎಲ್ಲಾರ ಮುಂದ ಹೇಳೀನಿ."

"ಭಾವ ಏನಂದಾರು ಅಕ್ಕಾ?"

"ಬದುಕಿದ್ದಾಗ ನಾ ಪಕ್ಕದಾಗ ಅದೀನೋ ಇಲ್ಲೋ ಅಂತ ಒಮ್ಮೆನೂ ಹೊರಳಿ ನೋಡಲಿಲ್ಲ. ಈಗ ಏನ್ ಅಂತಾರ? ನೀ ನಾಳೆ ಅಂತ ಕೂಡಬ್ಯಾಡ, ಈಗ ಹೋಗಿ ಹೇಳಿ ಬಾ."

ಅವನು ಹೂಂ ಅನ್ನುವವರೆಗೂ ನಾನು ಫೋನಿಡಲಿಲ್ಲ.